ಕೆಳಗೆ ಹೊಳಬಸಪ್ಪನವರ ಹೆಸರು

ಮನೆಗೊಂದು ರೇಷನ್ ಕಾರ್ಡು, ಮನೆಗೊಂದು ಗ್ಯಾಸ್ ಪುಸ್ತಕ, ಹಾಗೆಯೇ ಮನೆಗೊಂದು ಇ-ಮೇಲು ಎಂದು ಪುಣೆಯ ಬಿಬವೇವಾಡಿಯ ಹೊಳಬಸಪ್ಪ ಅಂಗಡಿಯವರ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದು ಎರಡು ಸಾವಿರದ ನಾಲ್ಕನೇ ಇಸವಿ. ಮೊಮ್ಮಗಳು ಸ್ನೇಹಲ್ ಹತ್ತನೆಯ ಇಯತ್ತೆಗೆ ಬಂದಳೆಂದು ಮಗ ಶಿವರಾಜ ಕಂತಿನ ಮೇಲೆ ಕಂಪ್ಯೂಟರ್ ತಂದು ನಡುಮನೆಯಲ್ಲಿ ಕೂರಿಸಿದ್ದ. ಇ-ಮೇಲ್ ವಿಳಾಸ ಯಾರ ಹೆಸರಿನಲ್ಲಿ ಮಾಡಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಯಜಮಾನರಿರುವಾಗ ಬೇರೆ ಯಾರ ಹೆಸರು? ಮನೆಯವರು ಯಾರೇ ಏನೇ ಬರೆದರೂ ಕೊನೆಯಲ್ಲಿ ‘ಹೊಳಬಸಪ್ಪ ಅಂಗಡಿ, ಬಿಬವೇವಾಡಿ’ ಎಂದು ತಾನಾಗಿಯೇ ಬೀಳುವಂತೆ ಶಿವರಾಜ ಹೊಂದಿಸಿಟ್ಟ. ದೊಡ್ಡ ಜಾಣತನ ಮಾಡಿದೆನೆಂದು ನಾಲ್ಕು ಜನರ ಮುಂದೆ ಹೇಳಿಕೊಂಡ. ಜಾಣರು ಬಿತ್ತಿದ್ದನ್ನು ಉಳಿದವರು ಕೊಯ್ಯುವುದು ಈ ಲೋಕದಲ್ಲಿ ಹೊಸದೇನಲ್ಲ.

ಆ ವಿಳಾಸದಿಂದ ಬರೆಯುತ್ತಿದ್ದವಳು ಸೊಸೆ ರೇಣು. ಹೊಳಬಸಪ್ಪನವರು ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದು ನಿವೃತ್ತರಾದವರು. ಲೆಕ್ಕಣಿಕೆ ಹಿಡಿದ ಕೈಗೆ ಕೀಬೋರ್ಡು ಒಗ್ಗಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಅವರು ಖುರ್ಚಿ ಎಳೆದುಕೊಂಡು ಕೂತು ಹೇಳುವುದು, ರೇಣು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವುದು. ಪುಣೆಯ ಕನ್ನಡದವರೆಲ್ಲ ಸೇರಿ ‘ನಮ್ಮ ಬಳಗ’ ಎಂಬ ಇ-ಮೇಲ್ ಗುಂಪು ಕಟ್ಟಿಕೊಂಡಿದ್ದರು. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಆರಿಸುವುದು ಹೇಗೆ, ಹಳೆಯ ಕಾಲದಲ್ಲಿ ಪುಣೆಯಲ್ಲಿ ಜೋಳ ಎಲ್ಲಿ ಸಿಗುತ್ತಿತ್ತು ಎಂದೆಲ್ಲ ಹೊಳಬಸಪ್ಪನವರು ಹೇಳಿಸಿ ಬರೆಸುತ್ತಿದ್ದರು. ಜನ ‘ಕಾಕಾ, ಕಾಕಾ’ ಎಂದು ತಲೆಯ ಮೇಲೆ ಹೊತ್ತುಕೊಂಡಿದ್ದರು. ಅಲ್ಲಲ್ಲಿ ಒಂದು ಒಳ್ಳೆಯ ಮಾತು ರೇಣು ತಾನೇ ಸೇರಿಸುತ್ತಿದ್ದಳು. ಬಿಜಾಪುರದಲ್ಲಿ ಬಿ.ಎ. ಓದಿ ಬಂದವಳು; ರೊಟ್ಟಿ ಬಡಿಯುವುದರಲ್ಲೇ ಅದೆಲ್ಲ ಸವೆದುಹೋಗುತ್ತಿದೆ ಎಂಬ ಕೊರಗು ಅವಳಿಗಿತ್ತು. ಕಾಕಾ ಚೆನ್ನಾಗಿ ಬರೆಯುತ್ತಾರೆ ಎಂದು ಯಾರಾದರೂ ಬರೆದರೆ ಆ ರಾತ್ರಿಯ ಸಾರಿಗೆ ಒಗ್ಗರಣೆ ಜೋರಾಗಿಯೇ ಬೀಳುತ್ತಿತ್ತು.

ನವೆಂಬರಿನ ಕೊನೆಯಲ್ಲಿ ಬಳಗದ ರಾಜ್ಯೋತ್ಸವ ನಡೆಯಿತು. ಅನ್ನ, ಸಾರು, ಪಾಯಸ ಸದಾನಂದರ ಹೋಟೆಲಿನಿಂದ; ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊಳಬಸಪ್ಪನವರ ಮನೆಯಿಂದ. ಸದಾನಂದ ಉಡುಪಿ ಕಡೆಯವರು, ಸ್ವಾರಗೇಟಿನ ಹತ್ತಿರ ಹೋಟೆಲು ಇಟ್ಟವರು, ಹೊಳಬಸಪ್ಪನವರ ಹಳೆಯ ಸ್ನೇಹಿತರು. ಬಳಗಕ್ಕೆ ಅವರು ದಿನಸಿಯ ಖರ್ಚಿಗಿಂತ ಒಂದು ಪೈ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಇತ್ತ ರೇಣು ಮತ್ತು ಅತ್ತೆ ರುದ್ರವ್ವ ವಾರವಿಡೀ ರೊಟ್ಟಿ ಬಡಿದು, ಹೆಂಚಿನ ಮೇಲೆ ಗರಿಗರಿ ಮಾಡಿ, ಸೀರೆಯ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ರುದ್ರವ್ವನ ಬಲಗೈಗೆ ಹೆಂಚು ತಾಗಿ ಬೊಬ್ಬೆ ಎದ್ದಿತ್ತು.

ಹಬ್ಬ ಮುಗಿದ ಎರಡು ದಿನಕ್ಕೆ ಸದಾನಂದರ ಮೇಲ್ ಬಂತು. ಮಧ್ಯಾಹ್ನ ರುದ್ರವ್ವ ಬೊಬ್ಬೆಗೆ ಬೆಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ರೇಣು ಓದಿದಳು: ‘ಊಟ ಚೆನ್ನಾಗಿ ಆಯಿತು. ರೊಟ್ಟಿ ಮಾತ್ರ ತುಂಬಾ ಗಟ್ಟಿ ಇತ್ತು, ವಯಸ್ಸಾದವರಿಗೆ ಕಷ್ಟ. ಮುಂದಿನ ವರ್ಷ ಮನೆಯ ಹೆಂಗಸರು ರೊಟ್ಟಿ ಮಾಡುವುದು ಬೇಡ. ಎಲ್ಲವನ್ನೂ ನಮ್ಮ ಹೋಟೆಲಿನಿಂದಲೇ ಮಾಡುವ.’

ರೇಣುವಿನ ಮೈಯೆಲ್ಲ ಉರಿದುಹೋಯಿತು. ಖಡಕ್ ರೊಟ್ಟಿ ಗಟ್ಟಿ ಇರದೆ ಇಡ್ಲಿಯ ಹಾಗೆ ಇರುತ್ತದೆಯೇ? ವಾರವಿಡೀ ಬೆನ್ನು ಬಾಗಿಸಿದ್ದಕ್ಕೆ ಇದೇನು ಬಹುಮಾನ? ಅತ್ತೆಯ ಕೈ ನೋಡಿದಳು, ಪರದೆ ನೋಡಿದಳು, ಕೂತು ಒತ್ತಿಯೇಬಿಟ್ಟಳು.

‘ಖಡಕ್ ರೊಟ್ಟಿ ಖಡಕ್ಕಾಗಿಯೇ ಇರುತ್ತದೆ. ಹಲ್ಲಿಲ್ಲದವರು ಸಾರಿನಲ್ಲಿ ನೆನೆಸಿ ತಿನ್ನಬೇಕು, ಅದು ಗೊತ್ತಿಲ್ಲದವರು ಕೇಳಿ ತಿಳಿಯಬೇಕು. ನಾವು ಅನ್ನ ನೀಡುವ ಜನ, ಅನ್ನ ಮಾರುವ ಜನ ಅಲ್ಲ. ಪ್ರತಿಯೊಂದರಲ್ಲೂ ಧಂದೆ ಹುಡುಕುವವರು ಅದನ್ನು ತಮ್ಮ ಹೋಟೆಲಿನಲ್ಲಿ ಇಟ್ಟುಕೊಳ್ಳಲಿ, ಬಳಗದೊಳಗೆ ತರಬೇಡಿ.’

ಕೆಳಗೆ ತಾನಾಗಿಯೇ ಬಂತು: ಹೊಳಬಸಪ್ಪ ಅಂಗಡಿ, ಬಿಬವೇವಾಡಿ.

ಮಾವನವರೂ ಇದನ್ನೇ ಹೇಳುತ್ತಿದ್ದರು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸಂಜೆಯ ಹೊತ್ತಿಗೆ ಬಾರಾಮತಿಯ ಸಕ್ಕರೆ ಕಾರ್ಖಾನೆಯ ಈರಣ್ಣ ‘ಸರಿಯಾಗಿ ಝಾಡಿಸಿದ್ರಿ ಕಾಕಾ’ ಎಂದು ಬರೆದ. ಇನ್ನಿಬ್ಬರು ನಕ್ಕು ಬರೆದರು. ಶಾಲೆಯಿಂದ ಬಂದ ಸ್ನೇಹಲ್ ಪರದೆಯ ಮೇಲೆ ಬಗ್ಗಿ ನೋಡಿದಳು.

“ಮಮ್ಮಿ, ಅಜ್ಜ ಇಷ್ಟು ಸಿಟ್ಟಿಲೆ ಯಾವಾಗ ಹೇಳಿದ್ರು?”

“ನಿಂದು ಬೀಜಗಣಿತ ಮುಗೀತೇನು? ಅದನ್ನ ನೋಡು ಮೊದಲ.”

ರಾತ್ರಿ ಊಟಕ್ಕೆ ಮುಂಚೆ ಎಂದಿನಂತೆ ಹೊಳಬಸಪ್ಪನವರು ಖುರ್ಚಿ ಎಳೆದುಕೊಂಡರು. “ಇವತ್ತ ಏನೇನು ಬಂದದ, ಓದವಾ.” ರೇಣು ಭೋರಿನವರೊಬ್ಬರು ಮನೆ ಬಾಡಿಗೆಗೆ ಕೇಳಿದ್ದನ್ನು ಓದಿದಳು, ಯಾರದೋ ಮಗುವಿನ ನಾಮಕರಣದ ಸುದ್ದಿ ಓದಿದಳು. ರೊಟ್ಟಿಯ ವಿಷಯ ಬಂದಾಗ ಹಾರಿಸಿ ಮುಂದಕ್ಕೆ ಹೋದಳು. ಏಕೆ ಹಾರಿಸಿದಳು ಎಂದರೆ, ತಪ್ಪು ಮಾಡಿದೆನೆಂದು ಅವಳ ಬಾಯಿಗೆ ಗೊತ್ತಿರಲಿಲ್ಲ, ಹೊಟ್ಟೆಗೆ ಗೊತ್ತಿತ್ತು.

ಮರುದಿನ ಸಂಜೆ ಹೊಳಬಸಪ್ಪನವರು ಬೇಗ ಮನೆಗೆ ಬಂದರು. ದಿನಾ ಸಂಜೆ ಸದಾನಂದರ ಹೋಟೆಲಿಗೆ ಹೋಗಿ, ಹಣ ಎಣಿಸುವ ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಕಾಫಿ ಕುಡಿದು, ಎರಡು ಊರಿನ ಸುದ್ದಿ ಮುಗಿಸಿ ದೀಪ ಹಚ್ಚಿದ ಮೇಲೆ ಬರುವವರು. ಅಂದು ರಾತ್ರಿ ಊಟಕ್ಕೂ ಟೋಪಿ ತೆಗೆಯದೆ ಕೂತರು. ತಾಟಿನಲ್ಲಿ ಬದನೆಕಾಯಿ ಪಲ್ಯ ಆರುತ್ತಿತ್ತು.

“ಏನ್ರಿ, ಮೈಯಾಗ ಆರಾಮ ಇಲ್ಲೇನು?” ಎಂದಳು ರುದ್ರವ್ವ.

“ಬಿಲ್ ಕೊಟ್ಟ.”

“ಯಾರು?”

“ಸದಾನಂದ. ಕಾಫಿ ಕುಡದೆ. ಇಷ್ಟು ವರ್ಷ ಇಲ್ಲದ್ದು, ವೇಟರ್ ಬಂದು ಬಿಲ್ ಇಟ್ಟ. ನಾ ಗಲ್ಲೆದ ಕಡೆ ನೋಡಿದೆ. ಅಂವ ನೋಟು ಎಣಿಸ್ಕೋತ ಕುಂತಿದ್ದ, ಮುಖಾನೇ ಎತ್ತಲಿಲ್ಲ.”

ಶಿವರಾಜ ನಕ್ಕ. “ಹೋಟೆಲ್ ಅಂದ ಮ್ಯಾಲೆ ಬಿಲ್ ಕೊಡ್ತಾರಪಾ. ಹೊಸ ವೇಟರ್ ಇರಬೇಕು.”

“ವೇಟರ್ ಹೊಸಬ ಇರಬಹುದು. ಸದಾನಂದ ಹೊಸಬ ಏನು?” ಎಂದರು ಹೊಳಬಸಪ್ಪನವರು. “ಕೊಟ್ಟು ಬಂದೆ. ಅಂವಗ ಏನೋ ತ್ರಾಸ ಅದ. ಧಂದೆ ಕುಂತದೋ ಏನೋ. ನಾಳೆ ಕೇಳ್ತೀನಿ.”

ರೊಟ್ಟಿ ಬಡಿಸಲು ಬಂದ ರೇಣು ಅದನ್ನೆಲ್ಲ ಕೇಳಿದಳು. ಮಾವನವರು ತಮಗಾದ ಅವಮಾನದಲ್ಲೂ ಸದಾನಂದರ ಕಷ್ಟವನ್ನೇ ಹುಡುಕುತ್ತಿದ್ದರು. “ಸಾಕವಾ, ಹಸಿವಿಲ್ಲ” ಎಂದು ಅವರು ಕೈ ಅಡ್ಡ ಹಿಡಿದರು.

ಮರುದಿನವೂ ಬಿಲ್ ಬಂತು. ಕೇಳಿದ್ದಕ್ಕೆ ಸದಾನಂದ, “ಮಾರುವವರಲ್ವಾ ನಾವು, ಬಿಲ್ ಕೊಡ್ಬೇಕಲ್ಲ” ಎಂದು ಒಳಗೆ ಎದ್ದುಹೋದರಂತೆ. ಹೊಳಬಸಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಆ ಮೇಲೆ ಅವರು ಆ ಕಡೆ ಹೋಗುವುದನ್ನೇ ಬಿಟ್ಟರು.

ಮೆಂತ್ಯೆ ಸೊಪ್ಪು ಬಿಡಿಸುತ್ತ ರೇಣು ಅತ್ತೆಯ ಹತ್ತಿರ ಮೆಲ್ಲಗೆ ವಿಷಯ ತೆಗೆದಳು. “ಅತ್ತೀ, ಮಾವನೋರು ಒಂದು ಬಿಲ್ಲಿಗೆ ಇಷ್ಟ್ಯಾಕ ಮನಸಿಗೆ ಹಚ್ಕೊಂಡಾರ? ಅವರು ಹೋಟೆಲ್‌ನವರು ಅಲ್ಲೇನ್ರಿ.”

ರುದ್ರವ್ವ ಸೊಪ್ಪಿನಿಂದ ಕೈ ತೆಗೆದಳು. “ನಿನಗ ಗೊತ್ತಿಲ್ಲವಾ. ಶಿವರಾಜ ಇನ್ನೂ ಅಂಬೆಗಾಲಿಡ್ತಿದ್ದ. ಸಾವಕಾರರು ಅಡತಿ ಮುಚ್ಚಿದರು, ಇವರಿಗೆ ಕೆಲಸ ಇಲ್ಲ. ಅದರಾಗ ನನಗ ವಿಷಮಜ್ವರ. ನಡಗಿಕೋತ ಹಾಸಿಗಿ ಹಿಡದಾಕಿ ಎರಡು ತಿಂಗಳು ಏಳಲಿಲ್ಲ. ಸದಾನಂದ ಆಗ ಮಾಲಕ ಅಲ್ಲ, ತನ್ನ ಮಾವನ ಹೋಟೆಲಿನ್ಯಾಗ ದುಡೀತಿದ್ದ. ಎರಡೂ ಹೊತ್ತು ಡಬ್ಬಿ ಹಿಡಕೊಂಡು ತಾನೇ ಬರ್ತಿದ್ದ. ನನಗ ಗಂಜಿ ಬ್ಯಾರೆ, ಕೂಸಿಗೆ ಹಾಲನ್ನ ಬ್ಯಾರೆ. ಮತ್ತ ಕೆಲಸ ಸಿಕ್ಕ ಮ್ಯಾಲೆ ಇವರು ರೊಕ್ಕಾ ಕೊಡಾಕ ಹೋದರು. ಅಂವ ಏನಂದ ಗೊತ್ತೇನು? ‘ಹೊಳಬಸಪ್ಪನವರೇ, ಅನ್ನಕ್ಕೆ ನಾನು ಎಲ್ಲರ ಹತ್ರ ಹಣ ತಕ್ಕೊಳ್ತೇನೆ. ಒಂದು ಮನೆಯಲ್ಲಾದರೂ ತಕ್ಕೊಳ್ಳದೆ ಇದ್ದೆ ಅಂತ ಇರಲಿ’ ಅಂದ. ನೀ ಮದವಿಯಾದೆಲ್ಲ ಶಿವರಾಜನ್ನ, ಆ ಮೈ ಆ ಡಬ್ಬಿ ಅನ್ನ ಉಂಡು ಬೆಳದ ಮೈ. ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ಅಂಥಾವನ ಜೋಡಿ ಮಾತು ತಪ್ಪಿದರ ಇವರಿಗೆ ಊಟ ಹೆಂಗ ಸೇರ್ತದ?”

ರೇಣು ಸೊಪ್ಪಿನ ಬದಲು ಕಡ್ಡಿಯನ್ನು ಪಾತ್ರೆಗೆ ಹಾಕಿದಳು, ಎಲೆಯನ್ನು ಕಸಕ್ಕೆ ಎಸೆದಳು. ‘ಅನ್ನ ಮಾರುವ ಜನ.’ ಅಯ್ಯೋ ದೇವರೇ, ಯಾವ ಬಾಯಲ್ಲಿ ಬಂತು ಆ ಮಾತು! ಬೇರೆ ಯಾರು ಅಂದಿದ್ದರೂ ಸದಾನಂದ ನಕ್ಕು ಬಿಡುತ್ತಿದ್ದರು. ಹೊಳಬಸಪ್ಪನವರು ಅಂದರೆಂದರೆ? ಅದೂ ಬಳಗದ ಎಲ್ಲರ ಎದುರಿಗೆ?

ಗಂಡ ಕಚೇರಿಯಿಂದ ಬಂದ ಕೂಡಲೇ ಅವನನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. ಶಿವರಾಜ ಹಣೆ ಚಚ್ಚಿಕೊಂಡ.

“ನಿನಗೇನ ತಲಿ ಕೆಟ್ಟಿತ್ತೇನು? ಅಪ್ಪನ ಹೆಸರಲೆ ಜಗಳಾ ತಗೀತಿಯೇನು?”

“ಹೆಸರು ಹಾಕಿದವರು ನೀವರಿ, ತಾನೇ ಬೀಳೂ ಹಂಗ. ನನ್ನ ಹೆಸರಲೆ ಒಂದು ಮಾಡಿಕೊಟ್ಟಿದ್ರ ನಾ ನನ್ನ ಹೆಸರಲೇ ಬೈತಿದ್ದೆ.”

“ಈಗ ನಂದೇ ತಪ್ಪು! ಛಲೋ ಅದ.” ಸ್ವಲ್ಪ ಹೊತ್ತು ಚಹಾ ಕುಡಿದು ಮೆತ್ತಗಾದ. “ಹೋಗ್ಲಿ ಬಿಡು. ಕ್ಷಮಾ ಅಂತ ಒಂದು ಮೇಲ್ ಹಾಕು. ಎಲ್ಲಾರ ಮುಂದ ಬೈದದ್ದಕ್ಕ ಎಲ್ಲಾರ ಮುಂದ ಕ್ಷಮಾ, ಮುಗೀತು. ಅಪ್ಪಗ ಹೇಳಬ್ಯಾಡ, ಬಿ.ಪಿ. ಅದ.”

“ಅದನ್ನೂ ಅವರ ಹೆಸರಲೇ ಹಾಕಲೇನ್ರಿ?”

“ಮತ್ತಿನ್ಯಾರ ಹೆಸರಲೆ? ಬೈದವರು ಅವರು, ಕ್ಷಮಾ ಕೇಳೋರು ನೀನಂದ್ರ ಜನ ಏನಂತಾರ?”

ತಪ್ಪನ್ನು ತಪ್ಪಿನಿಂದಲೇ ತೊಳೆಯಲು ಹೊರಟರು ಗಂಡ ಹೆಂಡತಿ. ರೇಣು ಮನಸ್ಸಿಟ್ಟು ಬರೆದಳು. ‘ಸಿಟ್ಟಿನ ಭರದಲ್ಲಿ ಆಡಬಾರದ ಮಾತು ಆಡಿದೆ. ಸದಾನಂದರು ನನಗಿಂತ ದೊಡ್ಡವರು. ಎಲ್ಲರ ಎದುರಿಗೆ ಕ್ಷಮೆ ಕೇಳುತ್ತೇನೆ.’ ಅವಳ ಕಣ್ಣೀರು ಅದರಲ್ಲಿ ನಿಜವಾಗಿಯೂ ಇತ್ತು. ಕೆಳಗಿನ ಹೆಸರು ಮಾತ್ರ ಅವಳದಾಗಿರಲಿಲ್ಲ. ಬಳಗದವರು ಕಾಕಾರ ದೊಡ್ಡ ಮನಸ್ಸನ್ನು ಹೊಗಳಿ ಹೊಗಳಿ ಇಟ್ಟರು. ಈರಣ್ಣ ಕೂಡ ‘ಇದು ಹಿರಿಯರ ಲಕ್ಷಣ’ ಎಂದು ಬರೆದ. ಸದಾನಂದರಿಂದ ಒಂದೇ ಶಬ್ದ ಬಂತು: ‘ಇರಲಿ.’

ಇರಲಿ ಎಂದವರು ಬರಲಿಲ್ಲ, ಕರೆಯಲೂ ಇಲ್ಲ.

ಡಿಸೆಂಬರು ಆ ಮನೆಯಲ್ಲಿ ಬಲು ಭಾರವಾಗಿ ಕಳೆಯಿತು. ಸಂಜೆ ಹೊರಗೆ ಹೋಗುವ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಚಹಾದಲ್ಲಿ ಸಕ್ಕರೆ ಹೆಚ್ಚಾಯಿತು, ಟಿ.ವಿ. ಸದ್ದು ಹೆಚ್ಚಾಯಿತು, ಸ್ನೇಹಲ್ ಇಂಟರ್ನೆಟ್ಟಿಗೆ ಕೂತು ಫೋನ್ ಲೈನು ಹಿಡಿದಿಟ್ಟಳು ಎಂದು ಹೊಳಬಸಪ್ಪನವರು ರೇಗತೊಡಗಿದರು.

“ಫೋನ್ ಬಂದರ ಹೆಂಗ ಗೊತ್ತಾಗಬೇಕು? ಯಾವಾಗ ನೋಡಿದರೂ ಕುರ್ರ್ ಅಂತದ.”

“ಯಾರ ಫೋನ್ ಬರೋದದ ಅಜ್ಜಾ?” ಎಂದಳು ಸ್ನೇಹಲ್.

ಅವರು ಟಿ.ವಿ. ಕಡೆ ತಿರುಗಿದರು. ಯಾರ ಫೋನಿಗೆ ಕಾಯುತ್ತಿದ್ದರು ಎಂದು ರೇಣುವಿಗೆ ಗೊತ್ತಿತ್ತು. ಹೊಸ ಮೆಣಸಿನಕಾಯಿ ಯಾರ್ಡಿಗೆ ಬರುವ ದಿನಗಳು ಹತ್ತಿರ ಬಂದಿದ್ದವು. ಹೋಟೆಲಿಗೆ ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿಯನ್ನು ಪ್ರತಿವರ್ಷ ಹೊಳಬಸಪ್ಪನವರೇ ಆರಿಸಿಕೊಡುತ್ತಿದ್ದರು. ನಿವೃತ್ತಿಯಾದ ಮೇಲೂ ಅದು ತಪ್ಪಿರಲಿಲ್ಲ. ಇಬ್ಬರೂ ಚೀಲದಿಂದ ಚೀಲಕ್ಕೆ ಕೈ ಹಾಕಿ, ಮುರಿದು ಮೂಸಿ, ಸೀನುತ್ತ ಬೈದಾಡುತ್ತ ಒಂದು ಮಧ್ಯಾಹ್ನ ಕಳೆಯುತ್ತಿದ್ದರು. ಈ ಸಲ ಸದಾನಂದರ ಮಗ ಸುಖೇಶ ಒಬ್ಬನೇ ಬಂದು ಬೇರೆ ಅಂಗಡಿಯಿಂದ ತೆಗೆದುಕೊಂಡು ಹೋದ ಎಂದು ಯಾರ್ಡಿನ ಹಮಾಲನೊಬ್ಬ ದಾರಿಯಲ್ಲಿ ಸಿಕ್ಕು ಹೇಳಿದ. ಅಂದು ಹೊಳಬಸಪ್ಪನವರು ರಾತ್ರಿ ಮಜ್ಜಿಗೆ ಕುಡಿದು ಎದ್ದರು. ರೇಣು ಅವರ ಪಾಲಿನ ರೊಟ್ಟಿಯನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಟ್ಟಳು. ಹೇಳಿಬಿಡಬೇಕೆಂದು ದಿನಾ ಎದ್ದಾಗ ಅಂದುಕೊಳ್ಳುವಳು, ಮುಖ ಕಂಡಾಗ ಬಾಯಿ ಕಟ್ಟುವುದು.

ಹೊಸ ವರ್ಷದ ಮೊದಲ ಭಾನುವಾರ ಮಾರ್ತಾಂಡ ಮನೆಗೆ ಬಂದ. ಬಳಗದ ಕಾರ್ಯದರ್ಶಿ, ಬ್ಯಾಂಕಿನಲ್ಲಿ ಅಧಿಕಾರಿ, ಸಭ್ಯ ಮನುಷ್ಯ. ಸಭ್ಯರ ಬಾಯಿಂದಲೇ ಇಂಥವು ಹೊರಬೀಳುವುದು. ಅವಲಕ್ಕಿ ತಿನ್ನುತ್ತ ಹೇಳಿದ:

“ಕಾಕಾರ, ನಿಮ್ಮ ಮುಂದ ಹೇಳಬೇಕಂತನೇ ಬಂದೆ. ಸದಾನಂದ ಅವರಿಗೆ ನೀವು ಎಲ್ಲಾರ ಎದುರು ಕ್ಷಮಾ ಕೇಳಿದ್ರಲ್ಲ, ಅದಕ್ಕ ಭಾಳ ಧೈರ್ಯ ಬೇಕ್ರಿ. ಬೈಯೋದು ಎಲ್ಲಾರಿಗೂ ಬರ್ತದ.”

ರೇಣು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು. ಶಿವರಾಜ ಪೇಪರನ್ನು ಮುಖದ ಮೇಲಕ್ಕೆ ಎತ್ತಿದ. ಹೊಳಬಸಪ್ಪನವರು ಮಾರ್ತಾಂಡನನ್ನು ನೋಡಿದರು, ಮಗನ ಪೇಪರನ್ನು ನೋಡಿದರು, ಕೊನೆಗೆ ಸೊಸೆಯ ಕಡೆ ನೋಡಿದರು.

“ಹೌದಪಾ,” ಎಂದರು. “ಕೇಳಬೇಕಾಗ್ತದ. ಇನ್ನಷ್ಟು ಅವಲಕ್ಕಿ ಹಾಕವಾ ಅವರಿಗೆ.”

ಮಾರ್ತಾಂಡ ಹೋದ ಮೇಲೆ ಅವರು ಸ್ನೇಹಲಳನ್ನು ಕರೆದರು. “ನನ್ನ ಹೆಸರಲೆ ಏನೇನು ಹೋಗ್ಯಾವ, ಓದು. ಒಂದೂ ಬಿಡಬ್ಯಾಡ.”

ಹುಡುಗಿ ತಾಯಿಯ ಮುಖ ನೋಡಿ, ಬೇರೆ ದಾರಿಯಿಲ್ಲದೆ ಓದಿದಳು. ‘ಅನ್ನ ಮಾರುವ ಜನ ಅಲ್ಲ’ ಎಂಬಲ್ಲಿಗೆ ಬಂದಾಗ ಹೊಳಬಸಪ್ಪನವರು ಕೈ ಎತ್ತಿ, “ಇನ್ನೊಮ್ಮೆ” ಎಂದರು. ಅವಳು ಇನ್ನೊಮ್ಮೆ ಓದಿದಳು. ಒಳಗಿನಿಂದ ರುದ್ರವ್ವ “ಅಯ್ಯೋ ಶಿವನೇ” ಎಂದದ್ದು ಕೇಳಿಸಿತು.

“ಯಾರು ಬರದದ್ದು ಇದು?”

ನಾನೇ ಎನ್ನಬೇಕು ಎಂದು ರೇಣು ತುಟಿ ತೆರೆದಳು. ಅಷ್ಟರಲ್ಲಿ ಶಿವರಾಜ ಪೇಪರು ಮಡಚಿ, “ಯಾರೋ ಪಾಸ್‌ವರ್ಡ್ ಕದ್ದು ಬರದಿರಬೇಕು ಅಪ್ಪಾ. ಈಗ ಭಾಳ ಮಂದಿ ಹಂಗ ಮಾಡ್ತಾರ” ಎಂದುಬಿಟ್ಟ.

ಹೊಳಬಸಪ್ಪನವರು ಸೊಸೆಯನ್ನೇ ನೋಡುತ್ತಿದ್ದರು. ಅವಳು ಆಗಲಾದರೂ ಅನ್ನಬಹುದಿತ್ತು. ಸುಳ್ಳಿನ ನೆರಳು ಸಿಕ್ಕಿತಲ್ಲ ಎಂದು ಅದರಡಿ ನಿಂತುಬಿಟ್ಟಳು.

“ಹಂಗ ಇರಬೇಕು,” ಎಂದು ಅವರು ಎದ್ದು ಹೋಗಿ ಮಲಗಿದರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ.

“ನಿನಗ ಬಾಯಿ ಇರಲಿಲ್ಲೇನವಾ?” ಎಂದಳು ರುದ್ರವ್ವ, ಪಾತ್ರೆ ತಿಕ್ಕುವಾಗ. ಬೈಗುಳವಿರಲಿಲ್ಲ ಆ ದನಿಯಲ್ಲಿ. “ಬರಿಯೂ ಮುಂದ ಇತ್ತು, ಈಗ ಎಲ್ಲಿ ಹೋತು?”

“ಹೆದರಿಕಿ ಆತ್ರಿ ಅತ್ತೀ.”

“ಅವರೇನು ನಿನ್ನ ಹೊಡೀತಿದ್ದರೇನು?”

“ಹೊಡದಿದ್ರ ಛಲೋ ಇತ್ತು,” ಎಂದು ರೇಣು ಅಲ್ಲೇ ಬೂದಿಗೈಯಲ್ಲೇ ಅತ್ತಳು. ರುದ್ರವ್ವ ಸಮಾಧಾನ ಮಾಡಲಿಲ್ಲ; ತೊಳೆದ ಪಾತ್ರೆಗಳನ್ನು ಎತ್ತಿಕೊಂಡು ಹೋದಳು.

ಭೋಗಿಯ ದಿನ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲ ಕಾಯಿಪಲ್ಯ ಕೂಡಿಸಿದ ಭಾಜಿ, ಬೆಣ್ಣೆ. ಹೊಳಬಸಪ್ಪನವರು ಕೋಟು ತೊಟ್ಟು ಅಡುಗೆಮನೆಯ ಬಾಗಿಲಿಗೆ ಬಂದರು. ಎಷ್ಟೋ ದಿನದ ಮೇಲೆ ಸೊಸೆಯ ಜೊತೆ ನೇರ ಮಾತಾಡಿದರು.

“ನಾಲ್ಕು ರೊಟ್ಟಿ ಕಟ್ಟವಾ. ಮೆತ್ತಗಿನವು ಕಟ್ಟು.”

ಎಲ್ಲಿಗೆ ಎಂದು ಕೇಳಲು ರೇಣುವಿಗೆ ಧೈರ್ಯವಾಗಲಿಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಡಬ್ಬಿಗೆ ಹಾಕಿ ಕೊಟ್ಟಳು. ಅವರು ದೀಪ ಹಚ್ಚಿದ ಮೇಲೆ ಬಂದರು. ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ರಾತ್ರಿ ಎರಡು ರೊಟ್ಟಿ ಉಂಡರು.

ಮರುದಿನ ಸಂಕ್ರಾಂತಿ. ಇನ್ನು ತಡೆಯಲಾಗದು ಎನ್ನಿಸಿ ರೇಣು ಕುಸುರೆಳ್ಳಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೆಳಿಗ್ಗೆಯೇ ರಿಕ್ಷಾ ಹತ್ತಿದಳು. ಹೋಟೆಲಿನ ಹಿಂದೆಯೇ ಸದಾನಂದರ ಮನೆ. ಹೆಂಡತಿ ರಾಜೀವಿ ಬಾಗಿಲು ತೆರೆದು, “ಬನ್ನಿ ಬನ್ನಿ, ಒಬ್ಬರೇ ಬಂದದ್ದಾ?” ಎಂದರು. ಸದಾನಂದ ಪಂಚೆ ಬನಿಯನ್ನಿನಲ್ಲಿ ತಿಂಡಿಗೆ ಕೂತಿದ್ದರು. ರೇಣು ಎಳ್ಳಿನ ಬಟ್ಟಲು ಕೆಳಗಿಟ್ಟು, ಕೂರು ಎಂದರೂ ಕೂರದೆ, ನಿಂತೇ ಹೇಳಿದಳು.

“ಕಾಕಾ, ಆ ಮೇಲ್ ನಾ ಬರದದ್ದು. ಮಾವನೋರಿಗೆ ಗೊತ್ತೇ ಇರಲಿಲ್ಲ. ಕ್ಷಮಾ ಕೇಳಿದ್ದೂ ನಾನೇ. ನೀವು ಡಬ್ಬಿ ತಂದುಕೊಟ್ಟದ್ದು, ಅದ್ಯಾವುದೂ ನನಗ ಗೊತ್ತಿರಲಿಲ್ರಿ. ಗೊತ್ತಿದ್ದರೂ ಗೊತ್ತಿರದಿದ್ದರೂ ಆ ಮಾತು ಅನಬಾರದಿತ್ತು. ನನ್ನ ತಪ್ಪಿಗೆ ಅವರ ಮ್ಯಾಲೆ ಸಿಟ್ಟಾಗಬ್ಯಾಡ್ರಿ.”

ಸದಾನಂದ ಕೈ ತೊಳೆದುಕೊಂಡು ಬಂದು ಕೂತರು.

“ನಿನ್ನೆ ನಿಮ್ಮ ಮಾವ ಬಂದಿದ್ರು ಮಗಳೇ,” ಎಂದರು. “ರೊಟ್ಟಿ ತಂದಿದ್ರು. ಹೋಟೆಲ್ ತುಂಬ ಜನ. ಗಲ್ಲೆಯ ಎದುರು ನಿಂತು ಎರಡೂ ಕೈ ಮುಗಿದ್ರು. ‘ನಾನೇ ಬರ್ದದ್ದು ಸದಾನಂದ, ವಯಸ್ಸಾಯ್ತು, ತಲೆ ನೆಟ್ಟಗಿಲ್ಲ’ ಅಂತ. ನಾನು ಕೇಳಿದೆ, ‘ನಿಜವಾಗಿ ನೀವೇ ಬರ್ದದ್ದಾ?’ ಅಂತ. ‘ಕೆಳಗೆ ಹೆಸರು ಯಾರದಿದೆ ನೋಡು’ ಅಂದ್ರು.”

“ಅವರು ಬರದಿಲ್ರಿ ಕಾಕಾ,” ಎಂದಳು ರೇಣು.

“ಅವರಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ, ಪಾಪ. ಮುಖ ನೋಡುವಾಗಲೇ ನಂಗೆ ಗೊತ್ತಾಯ್ತು. ನಂದೂ ತಪ್ಪುಂಟು. ಅಷ್ಟು ವರ್ಷದ ಮನುಷ್ಯ, ಇಂಥ ಮಾತು ಆಡ್ತಾರಾ ಅಂತ ಒಂದು ಸಲ ಹೋಗಿ ಕೇಳಬಹುದಿತ್ತು. ಕೇಳ್ಲಿಲ್ಲ. ಬಿಲ್ ಕೊಟ್ಟೆ.”

“ಇವರು ಆ ರೊಟ್ಟಿದು ಮಗನ ಹತ್ರ ಬರೆಸುವಾಗ ನಾನೂ ಇದ್ದೆ,” ಎಂದರು ರಾಜೀವಿ. “ಊಟದ ದಿನ ನಿಮ್ಮ ಅತ್ತೆಯ ಕೈ ಬೊಬ್ಬೆ ಬಂದದ್ದು ನೋಡಿದ್ರು. ರಾತ್ರಿ ಇಡೀ ಅದೇ. ಈ ವಯಸ್ಸಿನಲ್ಲಿ ಅಷ್ಟು ರೊಟ್ಟಿ ಯಾಕೆ ಮಾಡಿಸ್ಬೇಕು, ಕೈಯ ವಿಷಯ ಎಲ್ಲರೆದುರು ಬರೆದ್ರೆ ಅವರಿಗೆ ನಾಚಿಕೆ ಆಗ್ತದೆ, ರೊಟ್ಟಿ ಗಟ್ಟಿ ಅಂತ ಬರೆಯುವ ಅಂತ. ಬರೆಯುವುದಕ್ಕೂ ಒಂದು ಬುದ್ಧಿ ಬೇಡ್ವಾ ಇವರಿಗೆ!”

ಅದೇ ಕೈಯನ್ನು ನೋಡಿಕೊಂಡೇ ತಾನು ಆ ಉತ್ತರ ಬರೆದದ್ದು. ರೇಣು ನೆಲದ ಮೇಲೆ ಕೂತುಬಿಟ್ಟಳು. ರಾಜೀವಿ ನೀರು ಕೊಟ್ಟರು.

“ಇವತ್ತೇ ಬಳಗಕ್ಕೆಲ್ಲ ಬರೀತೀನ್ರಿ, ನಾನೇ ಅಂತ. ಮಾವನೋರ ಮುಂದೂ ಒಪ್ಕೋತೀನಿ.”

“ಬೇಡ,” ಎಂದರು ಸದಾನಂದ. “ಅಷ್ಟು ಜನರೆದುರು ಕೈ ಮುಗಿದು ಹೇಳಿ ಹೋಗಿದ್ದಾರೆ. ಈಗ ನೀವು ನಾನೇ ಅಂದ್ರೆ ಅವರು ಮುಗಿದ ಕೈ ಸುಳ್ಳಾಗ್ತದೆ. ನಾನು ನಂಬಿದೆ ಅಂತ ಅವರು ತಿಳ್ಕೊಂಡಿದ್ದಾರೆ, ಹಾಗೇ ಇರಲಿ. ನೀವು ಇಲ್ಲಿಗೆ ಬಂದದ್ದೂ ಹೇಳ್ಬೇಡಿ.”

“ಹಂಗಾರ ನಾ ಯಾರ ಮುಂದ ತಪ್ಪು ಒಪ್ಕೋಬೇಕ್ರಿ ಕಾಕಾ?”

ಸದಾನಂದ ಒಂದು ಚಿಟಿಕೆ ಕುಸುರೆಳ್ಳು ಬಾಯಿಗೆ ಹಾಕಿಕೊಂಡು, ಅಂಗಿ ತೊಟ್ಟು ಗಲ್ಲೆಗೆ ಹೋದರು. ರಾಜೀವಿ ಖಾಲಿ ಬಟ್ಟಲು ಕಳಿಸಬಾರದೆಂದು ಅದರಲ್ಲಿ ಎರಡು ಹೋಳಿಗೆ ಇಟ್ಟುಕೊಟ್ಟರು.

ಸಂಜೆ ಹೊಳಬಸಪ್ಪನವರ ಟೋಪಿ ಗೂಟದಲ್ಲಿರಲಿಲ್ಲ. ಎಂದಿನಂತೆ ಕಾಫಿಗೆ ಹೋಗಿ ದೀಪ ಹಚ್ಚಿದ ಮೇಲೆ ಬಂದರು. ಮನೆಯವರೆಲ್ಲ ಅವರಿಗೆ ಎಳ್ಳು ಕೊಟ್ಟು ಕಾಲು ಮುಟ್ಟಿದರು. ಶಿವರಾಜನ ತಲೆಯ ಮೇಲೆ ಕೈ ಇಟ್ಟರು, ಸ್ನೇಹಲಳ ಕೆನ್ನೆ ಹಿಂಡಿದರು. ರೇಣು ಬಗ್ಗಿದವಳು ಬೇಗ ಏಳಲಿಲ್ಲ. ಅವರು ಬಟ್ಟಲಿನಿಂದ ಒಂದಿಷ್ಟು ಎಳ್ಳು ತೆಗೆದು ಅವಳ ಅಂಗೈಯಲ್ಲಿ ಹಾಕಿ, ವರ್ಷವರ್ಷವೂ ಎಲ್ಲರೂ ಎಲ್ಲರಿಗೂ ಹೇಳುವ ಅದೇ ಮಾತು ಹೇಳಿದರು: “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡವಾ.”

ರೇಣು ಎಳ್ಳನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. “ಮಾವಾರ, ನಾ...” ಎಂದಳು.

“ಏಳು,” ಎಂದರು ಅವರು. ಖುರ್ಚಿ ಎಳೆದು ಕಂಪ್ಯೂಟರಿನ ಪಕ್ಕ ಕೂತರು. “ಭಾಳ ದಿನ ಆತು ಬಳಗಕ್ಕ ಬರದು. ಸಂಕ್ರಾಂತಿ ಶುಭಾಶಯ ಅಂತ ನಾಲ್ಕು ಸಾಲು ಬರಿ. ಯಾರಿಗಾದರೂ ನನ್ನಿಂದ ಮನಸಿಗೆ ನೋವಾಗಿದ್ರ ಮರೀರಿ ಅಂತನೂ ಹಾಕು.”

ರೇಣು ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. ಒಂದೊಂದೇ ಅಕ್ಷರ ಒತ್ತಿ ಬರೆದಳು. ತನ್ನದಾಗಿ ಒಂದು ಶಬ್ದವನ್ನೂ ಸೇರಿಸಲಿಲ್ಲ. ಬರೆದು ಮುಗಿಸಿ, “ಓದಿ ತೋರಿಸ್ತೀನ್ರಿ ಮಾವಾರ, ಕೇಳ್ರಿ,” ಎಂದಳು.

ಹೊಳಬಸಪ್ಪನವರು ಅಷ್ಟರಲ್ಲಿ ಊಟಕ್ಕೆ ಏಳುತ್ತಿದ್ದರು. “ಓದೂದ್ಯಾಕ ಬೇಕು?” ಎಂದರು. “ನೀ ಬರದರ ನಾ ಬರದಂಗ. ಕಳಿಸು.”

ಅಡುಗೆಮನೆಯಲ್ಲಿ ರುದ್ರವ್ವ ತಾಟು ಹಾಕುತ್ತಿದ್ದಳು. ಪರದೆಯ ಮೇಲೆ ನಾಲ್ಕು ಸಾಲು, ಅದರ ಕೆಳಗೆ ಹೊಳಬಸಪ್ಪ ಅಂಗಡಿ, ಬಿಬವೇವಾಡಿ. ಒಳಗಿನಿಂದ ಊಟಕ್ಕೆ ಎರಡು ಸಲ ಕರೆ ಬಂದರೂ ರೇಣುವಿನ ಬೆರಳು ಕಳಿಸುವ ಗುಂಡಿಯನ್ನು ಒತ್ತಲಿಲ್ಲ.